ಕಾರಿಗೆ ನಾಲ್ಕು ಕಿವಿ

ಭಾನುವಾರ. ಹೇಮಾವತಿ ನಗರ, ಮೂರನೇ ಅಡ್ಡರಸ್ತೆ.
ಸ್ಟೇರಿಂಗನ್ನು ಬಲಕ್ಕೆ ಪೂರ್ತಿ ತಿರುಗಿಸಿ
ಹ್ಯಾಂಡ್‌ಬ್ರೇಕ್ ಎಳೆದು, ಗೋಣಿಚೀಲ ಹಾಸಿ
ಮುಂದಿನ ಚಕ್ರದ ಬೆನ್ನಿಗೆ ಕೂತಿದ್ದೇನೆ,
ಹಾಲು ಕರೆಯುವವಳ ಹಾಗೆ, ಮೊಣಕಾಲು ಮಡಚಿ.

ಫಿಟಿಂಗ್‌ಗೆ ನೂರೈವತ್ತು ಬೇರೆ ಮೇಡಂ, ಅಂದಿದ್ದ ಅಂಗಡಿಯವನು.
ದಿನಕ್ಕೆ ಮೂವತ್ತು ದನಗಳ ಕಿವಿ ಚುಚ್ಚಿ
ಹಳದಿ ಬಿಲ್ಲೆ ತೊಡಿಸುವ ಕೈ ಇದು;
ಒದೆಯದ, ಹಾಯದ, ಬಾಲ ಬೀಸದ ಕಾರಿಗೆ
ನಾಲ್ಕು ರಬ್ಬರ್ ಕಿವಿ ಹಾಕಲಾರದೆ?
ಎತ್ತಿಕೊಂಡು ಬಂದೆ.

ಮೊದಲು ಒಳಗಿನ ಕೆಸರು ಕೀಳಬೇಕು.
ಹಳೇ ಸೌಟಿನ ಹಿಡಿಯಿಂದ ಮೀಟಿದರೆ
ಹೆಕ್ಕಳಿಕೆ ಹೆಕ್ಕಳಿಕೆಯಾಗಿ ಉದುರುತ್ತದೆ
ಹಳೇ ಪೇಪರಿನ ಆಲೂಗಡ್ಡೆ ಧಾರಣೆಯ ಮೇಲೆ:
ಮೇಲೆ ದುದ್ದದ ಕೆಂಪು,
ಅದರಡಿ ಗೊರೂರು ನಾಲೆ ಏರಿಯ ಕಪ್ಪು,
ಇನ್ನೂ ಅಡಿಗೆ ಯಾರದೋ ಕೊಟ್ಟಿಗೆಯ ಸಗಣಿ,
ಅದರಲ್ಲೊಂದು ಹುಲ್ಲೆಸಳು, ಮುರಿಯದೆ.
ಟಿ.ಎ. ಬಿಲ್ಲಿನಲ್ಲಿ ಬರೆಯಲು ಮರೆತ ಊರುಗಳೂ
ಇಲ್ಲಿ ಅಂಟಿಕೊಂಡು ಕೂತಿವೆ.

ಸ್ಕ್ರೂ ಜಪ್ಪಯ್ಯ ಅನ್ನುವುದಿಲ್ಲ.
ತುಕ್ಕು. ಒಂದು ತೊಟ್ಟು ಸೀಮೆಎಣ್ಣೆ, ಒಂದು ಬೈಗುಳ.
ಪಕ್ಕದ ಮನೆ ನಿಸಾರ್ ಸಾಬರ ಮೊಮ್ಮಗ ಫರ್ದೀನ್
ಟಾರ್ಚ್ ಹಿಡಿದಿದ್ದಾನೆ, ಬೆಳಕು ನನ್ನ ಮೂಗಿನ ಮೇಲೆ.
"ಆಂಟಿ, ಇದು ಕಾರು ಗಲೀಜಾಗದೆ ಇರ್ಲಿ ಅಂತಾನಾ?"
"ಅದಕ್ಕೂ ಹೌದು ಕಣೋ," ಅಂದೆ.

ಹೇಳದೆ ಉಳಿದದ್ದು ಇಷ್ಟು.
ಆಷಾಢ. ಮಳೆ ಎರಡು ದಿನ ಬಿಡುವು ಕೊಟ್ಟಿತ್ತು.
ಮೊಸಳೆಹೊಸಹಳ್ಳಿ ದಾಟಿ, ರಸ್ತೆಗೆ ಒತ್ತಿಕೊಂಡ ಶಾಲೆಯ ಗೋಡೆ.
ಸುಣ್ಣ ಬಳಿದು, ಅದರ ಮೇಲೆ ನೀಲಿಯಲ್ಲಿ
ಒಬ್ಬಾತ ಕುಕ್ಕರುಗಾಲಲ್ಲಿ ಕೂತು ಅಕ್ಷರ ಬರೆಯುತ್ತಿದ್ದ.
ಕರು ಅಡ್ಡ ಸಿಕ್ಕಿದೆ ಬೇಗ ಬನ್ನಿ ಎಂದು
ನನಗೆ ಫೋನಿನ ಮೇಲೆ ಫೋನು.
ಗುಂಡಿ ನೋಡಲಿಲ್ಲ.
ಕನ್ನಡಿಯಲ್ಲಿ ನೋಡಿದೆ:
ಬಿಳಿ ಗೋಡೆಗೂ ಬಿಳಿ ಬನಿಯನ್ನಿಗೂ ಸೇರಿಸಿ
ಬಿಚ್ಚಿದ ಒಂದು ಕೆಂಪು ಬೀಸಣಿಗೆ.
ಅವನು ಬೈಯಲಿಲ್ಲ. ಕಲ್ಲು ಎತ್ತಲಿಲ್ಲ.
ಕುಂಚವೊಂದನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದಿದ್ದ,
ಅದಾದರೂ ಉಳಿಯಲಿ ಎಂದು.

ಕರು ಬದುಕಿತು. ತಾಯಿಯೂ.
ಆ ಮನೆಯಲ್ಲಿ ಬೆಲ್ಲದ ಕಾಫಿ ಕುಡಿದು
ಮೊಣಕೈವರೆಗೆ ತೊಳೆದುಕೊಂಡು ಸಂಜೆ ವಾಪಸು ಬಂದರೆ
ಗೋಡೆ ಮತ್ತೆ ಬೆಳ್ಳಗಿತ್ತು.
"ಎಲ್ಲರೂ ಕಲಿ" ಅನ್ನುವಲ್ಲಿಗೆ ನಿಂತಿತ್ತು ನೀಲಿ.
ಅವನಿರಲಿಲ್ಲ.
ಆಮೇಲೆ ಆ ವಾಕ್ಯ ಮುಗಿಯಿತೋ ಇಲ್ಲವೋ.
ಅಲ್ಲಿ ಹೋಗುವಾಗೆಲ್ಲ ನಾನು ಬಹಳ ಶ್ರದ್ಧೆಯಿಂದ
ರಸ್ತೆ ನೋಡುತ್ತೇನೆ.

"ಆಂಟಿ, ಎಡದ್ದು ಬಲಕ್ಕೆ ಹಾಕಿದ್ದೀರಿ."
ಹೌದಲ್ಲ! ಬಿಚ್ಚಿದೆ, ಬದಲಿಸಿ ಬಿಗಿದೆ.
ಸ್ಟೇರಿಂಗ್ ಆಚೆ ತಿರುಗಿಸಿದರೆ ಚರ್ರೋ ಚರ್ರು,
ಟೈರಿಗೆ ಉಜ್ಜುತ್ತಿದೆ.
ದನದ ಗೊರಸು ಕೊರೆಯುವ ಚೂರಿಯಿಂದಲೇ
ಎರಡು ಬೆರಳಷ್ಟು ಸವರಿದೆ.
ಹಿಂದಿನ ಎರಡಕ್ಕೆ ತಕರಾರಿಲ್ಲ.
ಮುಗಿಯುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು,
ಒಂದು ಸ್ಕ್ರೂ ಕೈಯಲ್ಲಿ ಉಳಿದಿತ್ತು.
ಎಲ್ಲಿಯದೋ. ಕಿವಿಬಿಲ್ಲೆಯ ಡಬ್ಬಿಗೆ ಹಾಕಿದೆ.

ಗಲ್ಲಿಯ ತುದಿಯಲ್ಲಿ ವಾಲ್ವು ಸೋರಿ
ವರ್ಷದ ಹನ್ನೆರಡು ತಿಂಗಳೂ ಒಂದು ಹೊಂಡ ತುಂಬಿರುತ್ತದೆ.
"ಪಕ್ಕದಲ್ಲಿ, ಸ್ವಲ್ಪ ಹಿಂದೆ ನಿಂತು ನೋಡೋ," ಎಂದು ಅವನಿಗೆ ಹೇಳಿ
ಎರಡನೇ ಗೇರಿನಲ್ಲಿ ಅದರೊಳಗೆ ಬಿಟ್ಟೆ.
ಕನ್ನಡಿಯಲ್ಲಿ ಅವನು ಬಗ್ಗಿ,
ಪ್ಯಾಂಟು ಮೇಲಕ್ಕೆಳೆದು
ಕಾಲನ್ನು ಬೆರಳಿಟ್ಟು ಎಣಿಸುತ್ತಿದ್ದ.

"ಇನ್ನೂ ಹಾರ್ತದೆ ಆಂಟಿ," ಕೂಗಿದ,
"ಜಾಸ್ತಿ ಇಲ್ಲ. ಏಳು ಹನಿ."